ಏಪ್ರಿಲ್‌ನಲ್ಲಿ ಮನೆಯಲ್ಲಿಲ್ಲದ ಕೋವಿ

ಕೊಡಿಗೇಹಳ್ಳಿ, ಬೆಂಗಳೂರು
14 ಜುಲೈ 2024, ಭಾನುವಾರ

ಪ್ರೀತಿಯ ಹರ್ಷಿತಾ,

ಹೇಗಿದ್ದೀಯಮ್ಮ? ಹೋದ ವಾರ ಫೋನಿನಲ್ಲಿ ನಿನ್ನ ಮೂಗು ಕಟ್ಟಿತ್ತು. ಧಾರವಾಡದ ಮಳೆಯಲ್ಲಿ ತಲೆ ಒದ್ದೆ ಮಾಡಿಕೊಂಡು ಆಫೀಸಿನ ಫ್ಯಾನಿನ ಕೆಳಗೆ ಕೂರುತ್ತೀಯ ಅಂತ ಕಾಣುತ್ತೆ. ಮೆಣಸು ಜಜ್ಜಿ ಕಷಾಯ ಮಾಡಿಕೊಂಡು ಕುಡಿ, ಮಾತ್ರೆ ಆಮೇಲೆ ನೋಡೋಣ. ನಾವಿಲ್ಲಿ ಚೆನ್ನಾಗಿದ್ದೇವೆ. ನಿಮ್ಮಪ್ಪನಿಗೆ ಎಪ್ಪತ್ತಮೂರಾದರೂ ಮಂಡಿ ನೋವೊಂದು ಬಿಟ್ಟರೆ ಬೇರೆ ತೊಂದರೆಯಿಲ್ಲ. ಬೆಳಗ್ಗೆ ಹಾಲಿಗೆ ತಾವೇ ಹೋಗುತ್ತಾರೆ, ಅರ್ಧ ಲೀಟರ್ ಹಾಲು ತರುವುದಕ್ಕೆ ಒಂದು ಗಂಟೆ ಹರಟುತ್ತಾರೆ. ನಿನ್ನ ಅತ್ತಿಗೆ ರಂಜನಿ ಹೊಲಿಗೆ ಕ್ಲಾಸು ಶುರು ಮಾಡಿದ್ದಾಳೆ. ನಾಲ್ಕು ಜನ ಹೆಣ್ಣುಮಕ್ಕಳು ಬರುತ್ತಾರೆ, ಮನೆ ತುಂಬ ನೂಲು.

ಫೋನ್ ಮಾಡದೆ ಕಾಗದ ಬರೆಯಲು ಕಾರಣವಿದೆ. ಈ ಮನೆಯಲ್ಲಿ ನಿಮ್ಮಪ್ಪನಿಗೆ ಕಿವಿ ಮಂದ ಅಂತ ಎಲ್ಲ ಫೋನೂ ಸ್ಪೀಕರಿನಲ್ಲೇ ನಡೆಯುತ್ತದೆ. ನಿನ್ನ ಅಣ್ಣ ಮುನೇಶ ಪಕ್ಕದಲ್ಲಿ ಕೂತು ಕೇಳುತ್ತಾ ಮಧ್ಯೆ ಬಾಯಿ ಹಾಕುತ್ತಾನೆ. ಅವನು ನಿನಗೆ ಒಂದು ಒಪ್ಪಿಗೆ ಪತ್ರ ಕೊರಿಯರ್ ಮಾಡಿದ್ದಾನಂತೆ. ಅಪ್ಪನ ಹೆಸರಿನಲ್ಲಿರುವ ಕೋವಿ, ಅದರ ಲೈಸೆನ್ಸು, ಎರಡೂ ಅವನ ಹೆಸರಿಗೆ ಹೋಗಲು ವಾರಸುದಾರರಾದ ನಮ್ಮ ತಕರಾರಿಲ್ಲ ಎಂದು ನಾನೂ ನೀನೂ ಸಹಿ ಹಾಕಬೇಕು. ನಾನಿನ್ನೂ ಹಾಕಿಲ್ಲ. ನೀನೂ ಈ ಕಾಗದವನ್ನು ಕೊನೆಯವರೆಗೆ ಓದುವ ತನಕ ಹಾಕಬೇಡ.

ಮೊದಲು ನಿನ್ನ ಸಮೀಕ್ಷೆಯ ವಿಚಾರ. ಹೌದು, ಪೇಪರಿನಲ್ಲಿ ಓದಿದೆ. ‘ಸಾವಿರ ಮನೆಗೆ ಎರಡೇ ಬಂದೂಕು’ ಎಂದು ದಪ್ಪ ಅಕ್ಷರದಲ್ಲಿ ಹಾಕಿ, ಕೆಳಗೆ ನಿಮ್ಮ ಸಂಸ್ಥೆಯ ಹೆಸರು, ಅದರ ಕೆಳಗೆ ನಿನ್ನ ಹೆಸರು. ಯಲಹಂಕದಿಂದ ಹೆಸರಘಟ್ಟದವರೆಗೆ ಸಾವಿರದ ಇನ್ನೂರು ಮನೆ ಕೇಳಿದ್ದೀರಂತೆ. ನಿಮ್ಮಪ್ಪ ಆ ಪುಟವನ್ನು ಹಾಲಿನ ಬೂತಿನವರೆಗೂ ಒಯ್ದು ಎಲ್ಲರಿಗೂ ತೋರಿಸಿ ಬಂದರು. ಮರುದಿನದಿಂದ ವಾಚಕರ ವಾಣಿಯಲ್ಲಿ ಜಗಳ. ನಮ್ಮ ಊರು ಎಷ್ಟು ಶಾಂತ ಎನ್ನುವುದಕ್ಕೆ ಇದೇ ಸಾಕ್ಷಿ ಎಂದೊಬ್ಬರು ಬರೆದರು. ಇಷ್ಟು ಕಡಿಮೆ ಇದೆಯೆಂದರೆ ಲೈಸೆನ್ಸ್ ಕೊಡುವುದನ್ನು ಸಲೀಸು ಮಾಡಿ ಎಂದು ಇನ್ನೊಬ್ಬರು. ಬಂದೂಕು ಇಟ್ಟುಕೊಂಡವನು ಬಾಗಿಲಿಗೆ ಬಂದವರಿಗೆ ನಿಜ ಹೇಳುತ್ತಾನೆಯೇ, ಸಮೀಕ್ಷೆಯೇ ಬೋಗಸ್ ಎಂದು ಮೂರನೆಯವರು. ಮೂವರೂ ತಪ್ಪು. ಯಾಕೆ ಎಂದು ನಾನು ಹೇಳುತ್ತೇನೆ, ಏಕೆಂದರೆ ನಿಮ್ಮ ಸಾವಿರದ ಇನ್ನೂರು ಮನೆಗಳಲ್ಲಿ ನಮ್ಮ ಮನೆಯೂ ಒಂದು.

ನಿನಗೆ ಇದು ಗೊತ್ತಿರಲಾರದು. ಏಪ್ರಿಲ್ ಎರಡನೇ ವಾರ ನಾನೂ ರಂಜನಿಯೂ ತಾರಸಿಯ ಮೇಲೆ ಸಂಡಿಗೆ ಹಾಕುತ್ತಿದ್ದೆವು. ಕಲಾವತಿ ಎಂಬ ಹುಡುಗಿ ಟ್ಯಾಬ್ ಹಿಡಿದು ಬಂದಳು. ಪಾಪ, ಮುಖವೆಲ್ಲ ಕೆಂಪಗಾಗಿತ್ತು, ಮಜ್ಜಿಗೆ ಕೊಟ್ಟು ಕೂರಿಸಿದೆ. ನಿಮ್ಮ ಹೆಸರು ಎಲ್ಲೂ ಹೊರಗೆ ಹೋಗಲ್ಲ ಮೇಡಂ ಎಂದಳು. ನಿನ್ನ ಮೇಲಿನವರು ನನ್ನ ಮಗಳು ಎಂದು ನಾನೂ ಬಾಯಿ ಬಿಡಲಿಲ್ಲ. ಮನೆಯಲ್ಲಿ ಎಷ್ಟು ಜನ, ಏನು ಓದಿದ್ದೀರಿ, ರಾತ್ರಿ ಒಬ್ಬರೇ ನಡೆಯಲು ಭಯವೇ ಎಂದೆಲ್ಲ ಕೇಳಿ, ಕೊನೆಗೆ ದನಿ ತಗ್ಗಿಸಿ ‘ಈಗ ನಿಮ್ಮ ಮನೇಲಿ ಬಂದೂಕು ಇದೆಯಾ ಮೇಡಂ?’ ಎಂದಳು. ‘ಇಲ್ಲ’ ಎಂದೆ. ರಂಜನಿ ಸಂಡಿಗೆ ಹಿಟ್ಟಿನಿಂದ ತಲೆ ಎತ್ತಲೇ ಇಲ್ಲ.

ಅದು ಸುಳ್ಳಲ್ಲ ಕಣೇ. ಅಂದು ಮನೆಯಲ್ಲಿ ಕೋವಿ ಇರಲಿಲ್ಲ. ಮಾರ್ಚಿನಲ್ಲಿ ಚುನಾವಣೆ ಘೋಷಣೆಯಾದ ವಾರವೇ ನಿಮ್ಮಪ್ಪ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ತಂದಿದ್ದರು. ಮತದಾನ, ಎಣಿಕೆ ಮುಗಿಯುವ ತನಕ ಒಪ್ಪಿಸಬೇಕೆಂಬ ಆದೇಶ, ಬ್ಯಾಂಕ್ ಕಾವಲಿನವರನ್ನು ಬಿಟ್ಟು ಲೈಸೆನ್ಸ್ ಇರುವವರೆಲ್ಲ ಒಪ್ಪಿಸಿದ್ದರು. ನೀವು ಮನೆಮನೆಗೆ ಹೋಗಿ ಕೇಳಿದ ಏಪ್ರಿಲ್, ಮೇ ತಿಂಗಳಿನಲ್ಲಿ ಈ ಕಡೆಯ ಮಿಕ್ಕ ಕೋವಿಗಳೆಲ್ಲ ಪೊಲೀಸರ ಕೋಣೆಯಲ್ಲಿದ್ದವು. ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಸುಮ್ಮನಿರುತ್ತಿದ್ದೆ. ನೀನು ಈ ಮನೆಯಲ್ಲೇ ಹುಟ್ಟಿದವಳು! ಪ್ರತಿ ಚುನಾವಣೆಗೂ ಅಪ್ಪ ಕೋವಿಯನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಸ್ಕೂಟರಿನ ಮೇಲೆ ಮಂಡಿಗಳ ನಡುವೆ ನಿಲ್ಲಿಸಿಕೊಂಡು ಹೋಗುವುದನ್ನು ಗೇಟಿನಲ್ಲಿ ನಿಂತು ನೋಡಿದವಳು. ಪ್ರಶ್ನೆ ಬರೆಯುವಾಗ ಅದು ನೆನಪಾಗಲಿಲ್ಲವೇ?

ನಿನ್ನನ್ನು ಬೈಯಲು ನನಗೆ ಅರ್ಹತೆ ಇದೆ. ಎಂಬತ್ತೊಂದು, ತೊಂಬತ್ತೊಂದು, ಎರಡು ಸಾವಿರದ ಒಂದು, ಮೂರು ಜನಗಣತಿಗೆ ಮೇಷ್ಟ್ರಮ್ಮನಾಗಿ ಮನೆಮನೆ ಅಲೆದವಳು ನಾನು. ಮೂರನೆಯ ಸಲ ಟಿವಿ ಇದೆಯೇ, ಸ್ಕೂಟರ್ ಇದೆಯೇ ಎಂದು ಕೇಳಬೇಕಿತ್ತು. ನಮ್ಮ ಪಕ್ಕದ ಹಳ್ಳಿ ಸಿಂಗಾಪುರದ ಒಂದು ಮನೆಯಲ್ಲಿ ‘ಟೀವಿ ಇಲ್ಲ ಮೇಡಮ್ಮೋರೆ’ ಎಂದರು, ಒಳಗೆ ಕ್ರಿಕೆಟ್ ಕಾಮೆಂಟರಿ ಕೂಗುತ್ತಿತ್ತು. ಅದು ಅಣ್ಣನ ಟಿವಿ, ಇಲ್ಲಿ ಇಟ್ಟಿದ್ದಾನೆ ಅಷ್ಟೆ! ಜನ ಸುಳ್ಳು ಹೇಳುವುದಿಲ್ಲ, ನಾವು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತಾರೆ. ಮಧ್ಯಾಹ್ನ ಎರಡು ಗಂಟೆಗೆ ಹೋದರೆ ಸಿಗುವುದು ಹೆಂಗಸರು, ಕೋವಿಯ ಲೈಸೆನ್ಸ್ ಇರುವುದು ಗಂಡಸರ ಹೆಸರಿನಲ್ಲಿ. ಅವಳು ಇಲ್ಲ ಎನ್ನುವುದಕ್ಕೂ ಅವನು ಇಲ್ಲ ಎನ್ನುವುದಕ್ಕೂ ವ್ಯತ್ಯಾಸವಿದೆ. ನನ್ನದನ್ನೇ ತಗೋ. ಸ್ಟೇಷನ್ನಿನ ವಿಷಯವನ್ನು ಆ ಹುಡುಗಿಗೆ ನಾನು ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. ‘ಇಲ್ಲ’ ಎಂದಾಗ ನಲವತ್ತೈದು ವರ್ಷದಲ್ಲಿ ಮೊದಲ ಸಲ ಎದೆ ಹಗುರಾಯಿತು, ಆ ಮಾತನ್ನು ಕೆಡಿಸಲು ಮನಸ್ಸು ಬರಲಿಲ್ಲ.

ಪೇಪರಿನಲ್ಲಿ ನಿನ್ನ ಲೆಕ್ಕ ಬಂದ ಮೇಲೆ ಸ್ಟೇಷನ್ನಿಗೂ ಹೋಗಿ ಬಂದೆ. ಅಲ್ಲಿ ದಫ್ತರು ಬರೆಯುವ ರೈಟರ್ ನನ್ನ ಹಳೆಯ ವಿದ್ಯಾರ್ಥಿ, ಎಂಟನೇ ಕ್ಲಾಸಿನಲ್ಲಿ ಭೂಪಟದಲ್ಲಿ ಕಾವೇರಿಯನ್ನು ಗುಜರಾತಿಗೆ ಹರಿಸಿದ್ದ. ಎಷ್ಟು ಕೋವಿ ಬಂದಿತ್ತಪ್ಪಾ ಎಂದರೆ ‘ಅದೆಲ್ಲ ಹೇಳೋ ಹಂಗಿಲ್ಲ ಮೇಡಂ, ಸುಮಾರು ವಾಪಸ್ ಹೋಗವೆ’ ಎಂದ. ಆದರೆ ಕೋವಿ ಇಟ್ಟಿದ್ದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಚೀಟಿ ಕಟ್ಟಿಸಿಕೊಂಡು ಕಬ್ಬಿನ ಜಲ್ಲೆಗಳ ಹಾಗೆ ಗೋಡೆಗೆ ಒರಗಿದ್ದವು. ಅವನು ಎದ್ದು ಬಾಗಿಲು ಮುಚ್ಚುವ ಹೊತ್ತಿಗೆ ಮೂವತ್ತೊಂದು ಎಣಿಸಿದ್ದೆ. ವಾಪಸ್ ಹೋಗದೆ ಉಳಿದವೇ ಮೂವತ್ತೊಂದು, ಅದೂ ಒಂದೇ ಸ್ಟೇಷನ್ನಿನಲ್ಲಿ.

ಈಗ ನಿನ್ನ ಅಣ್ಣನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿನ್ನ ಲೆಕ್ಕವೇ ಅವನ ತಲೆ ಕೆಡಿಸಿದೆ. ಪೇಪರಿನ ಆ ತುಣುಕನ್ನು ಫೋಟೋ ತೆಗೆದು ಸ್ಟೇಟಸ್ ಹಾಕಿದ. ‘ಸಾವಿರದಲ್ಲಿ ಇಬ್ರು ಕಣಮ್ಮಾ! ಅದ್ರಲ್ಲಿ ನಾವೊಬ್ರು!’ ಎಂದು ಅಡುಗೆಮನೆಗೆ ಬಂದು ಕುಣಿದ. ನಾನು ಇಲ್ಲ ಎಂದಿದ್ದರಿಂದ ಆ ಇಬ್ಬರಲ್ಲಿ ನಾವಿಲ್ಲ ಎಂದು ಅವನಿಗೆ ಹೇಳುವುದು ಹೇಗೆ? ನಿಮ್ಮಪ್ಪ ಎಪ್ಪತ್ತೊಂಬತ್ತರಲ್ಲಿ ಲೈಸೆನ್ಸ್ ಮಾಡಿಸಿದ್ದು ಹೆಸರಘಟ್ಟದ ಹೊಲಕ್ಕೆ ನುಗ್ಗುತ್ತಿದ್ದ ಹಂದಿಗಳಿಗಾಗಿ. ಅವರಿಗೆ ಅದು ಗುದ್ದಲಿ, ಮಚ್ಚಿನ ಜೊತೆಯದು. ಹೊಲ ಸೈಟುಗಳಾಗಿ ಹದಿನೆಂಟು ವರ್ಷವಾಯಿತು, ಹಂದಿಯಿಲ್ಲ, ರಾಗಿಯಿಲ್ಲ, ಕೋವಿ ಮಾತ್ರ ಬೀರುವಿನಲ್ಲಿ ಉಳಿಯಿತು. ಪಕ್ಕದ ಮನೆಯ ತಾಜುದ್ದೀನ್ ಬ್ಯಾಂಕಿನ ಕಾವಲಿಗೆ ಸ್ವಂತ ಕೋವಿ ಹೊರುತ್ತಾರಲ್ಲ, ಅವರಂತೂ ‘ಭುಜ ನೋಯುತ್ತೆ ಅಕ್ಕಾ, ರಿಟೈರ್ ಆದ ದಿನ ಕೊಟ್ಟುಬಿಡ್ತೀನಿ’ ಎನ್ನುತ್ತಾರೆ. ಕೆಲಸಕ್ಕೆ ಹಿಡಿದವರಿಗೆ ಅದರ ಭಾರ ಗೊತ್ತು. ಸೈಟು ವ್ಯಾಪಾರದಲ್ಲಿ ಮುನೇಶನ ಜೊತೆಯವರಿಗೆ, ಸೈಟು ತೋರಿಸಲು ಬರುವಾಗ ಹಿಂದೆ ಗನ್‌ಮ್ಯಾನ್ ಇಟ್ಟುಕೊಂಡು ಇಳಿಯುವವರಿಗೆ, ಅದೊಂದು ಒಡವೆ. ಹೋದ ಆಯುಧಪೂಜೆಗೆ ಇವನು ಕಾರಿನ ಬಾನೆಟ್ ಮೇಲೆ ಕೋವಿ ಅಡ್ಡ ಮಲಗಿಸಿ, ಅರಿಶಿನ ಕುಂಕುಮ ಹಚ್ಚಿ, ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು ನಿಂತ ಫೋಟೋ ನೀನೂ ನೋಡಿದ್ದೀಯ. ನೀನೂ ನಗುವ ಚಿತ್ರ ಕಳಿಸಿದ್ದೆ. ನಾನೂ ನಕ್ಕಿದ್ದೆ.

ಇನ್ನು ನಗುವುದಿಲ್ಲ. ಯಾರಿಗೂ ಹೇಳದ್ದನ್ನು ಹೇಳುತ್ತೇನೆ. ಮೇ ಕೊನೆಯಲ್ಲಿ ಒಂದು ಮಧ್ಯಾಹ್ನ ನಿಮ್ಮಪ್ಪ ಮಂಡಿ ತೋರಿಸಲು ಆಸ್ಪತ್ರೆಗೆ ಹೋಗಿದ್ದರು. ಮುನೇಶ ಸಿಂಗಾಪುರದ ತನ್ನ ಸೈಟಿನಿಂದ ಬಂದ. ಅಂಗಿಯ ಎರಡು ಗುಂಡಿ ಕಿತ್ತುಹೋಗಿದ್ದವು. ಪಕ್ಕದ ಸೈಟಿನ ಫಕೀರಪ್ಪನ ಜೊತೆ ಎರಡು ಅಡಿ ಜಾಗಕ್ಕೆ ಕೈಕೈ ಮಿಲಾಯಿಸಿದ್ದ. ನೀರೂ ಕೇಳಲಿಲ್ಲ. ‘ಬೀರು ಕೀ ಕೊಡಮ್ಮ’ ಎಂದ. ನಾನು ಸೊಂಟದಿಂದ ತೆಗೆದು ಕೊಟ್ಟೆ. ಕೇಳು ಹರ್ಷಿತಾ, ಯಾಕೆ ಎಂದು ನಾನು ಕೇಳಲಿಲ್ಲ. ಮಗ ಕೀ ಕೇಳಿದ, ತಾಯಿ ಕೊಟ್ಟಳು. ಅವನು ಬೀರು ತೆಗೆದ. ಕೆಳಗಿನ ಅರೆಯಲ್ಲಿ ಬರೀ ಕೋವಿ ಒರೆಸುವ ಎಣ್ಣೆ ಬಟ್ಟೆ. ಕೋವಿ ಸ್ಟೇಷನ್ನಿನಲ್ಲಿದೆ ಎನ್ನುವುದನ್ನು ಸಿಟ್ಟಿನಲ್ಲಿ ಮರೆತಿದ್ದ. ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಆಮೇಲೆ ‘ಹೆದರ್ಸೋಕೆ ಅಷ್ಟೇ ಕಣಮ್ಮಾ’ ಎಂದ. ಬಾಗಿಲಲ್ಲಿ ನಿಂತಿದ್ದ ರಂಜನಿ ‘ಮಾವಂಗೆ ಹೇಳ್ಬೇಡಿ ಅತ್ತೆ’ ಎಂದಳು. ಎರಡು ದಿನ ಬಿಟ್ಟು ಸರ್ವೇಯರ್ ಬಂದು ಸರಪಳಿ ಎಳೆದ. ಆ ಎರಡು ಅಡಿ ಇಬ್ಬರದೂ ಅಲ್ಲ, ಚರಂಡಿಯದು. ಫಕೀರಪ್ಪ ನಮ್ಮ ಮನೆಯಲ್ಲೇ ಕಾಫಿ ಕುಡಿದು ಹೋದ. ಒಳ್ಳೆಯ ಮನುಷ್ಯ, ಮೂರು ಹೆಣ್ಣುಮಕ್ಕಳು.

ಅಂದು ಚುನಾವಣೆಯ ಕಾಲವಾಗಿರದಿದ್ದರೆ ಎನ್ನುವುದನ್ನು ಯಾವ ಟ್ಯಾಬಿನಲ್ಲೂ ಕೇಳುವುದಿಲ್ಲ. ಅದಕ್ಕೇ ಜೂನಿನಲ್ಲಿ ವಾಪಸ್ ತರಬೇಕಾಗಿದ್ದ ಕೋವಿ ಇನ್ನೂ ಬಂದಿಲ್ಲ. ನಿಮ್ಮಪ್ಪನಿಗೆ ಮಂಡಿ ನೋವು, ನನಗೆ ರಸೀದಿ ಎಲ್ಲಿಟ್ಟೆನೋ ಎಂಬ ನೆಪ. ಕೊಟ್ಟುಬಿಡೋಣ ಎಂದರೆ ಮಾತ್ರ ಅವರು ‘ಮೊಹರು ಹಾಕಿದ ಲೈಸೆನ್ಸ್ ಕಣೇ, ಊರಿಗೆ ನಾನೊಬ್ಬನೇ ತಂದಿದ್ದೆ’ ಎಂದು ಮುಖ ತಿರುಗಿಸುತ್ತಾರೆ. ಅವರ ಮಾನಕ್ಕೆ ಅವರು, ಇವನ ಷೋಕಿಗೆ ಇವನು. ಮಧ್ಯೆ ನಿಂತಿರುವುದು ನಿನ್ನ ಸಹಿ, ನನ್ನ ಸಹಿ. ನಾನು ಹಾಕುವುದಿಲ್ಲ.

ನಿನ್ನ ಕೆಲಸ ನೀನು ಮಾಡು. ತಪ್ಪಾಗಿದೆ ಎಂದು ನೀನೇ ಬರೆದು ಪೇಪರಿಗೆ ಕಳಿಸು, ಇನ್ನೊಬ್ಬರು ಎತ್ತಿ ತೋರಿಸುವವರೆಗೂ ಕಾಯಬೇಡ. ಈ ಸಲ ಚುನಾವಣೆ ಇಲ್ಲದ ತಿಂಗಳಲ್ಲಿ ಹೋಗಿ, ಲೈಸೆನ್ಸ್ ಯಾರ ಹೆಸರಿನಲ್ಲಿದೆ, ಕೋವಿ ಈಗ ಎಲ್ಲಿದೆ, ಬೀರು ಕೀ ಯಾರ ಹತ್ತಿರ ಎಂದು ಕೇಳಿ. ನಿನಗೆ ಒಂದೆರಡು ದಿನ ಅವಮಾನ ಎನಿಸಬಹುದು. ಆಮೇಲೆ ನಿನ್ನ ಲೆಕ್ಕವನ್ನು ಜನ ನಂಬುತ್ತಾರೆ. ನೀನು ಅಷ್ಟು ಗಟ್ಟಿ ಇದ್ದೀಯ ಎನ್ನುವುದು ನನಗೆ ಗೊತ್ತು, ಹೆತ್ತವಳಲ್ಲವೇ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕಲಾವತಿ ಸಿಕ್ಕರೆ ಅವಳದೇನೂ ತಪ್ಪಿಲ್ಲ ಎಂದು ಹೇಳು. ನಿನ್ನ ನೆಗಡಿ ಬಿಟ್ಟು ಮಿಕ್ಕಿದ್ದೆಲ್ಲ ನಿನ್ನ ಜೊತೆ ನೂರು ವರ್ಷ ಇರಲಿ.

ನಿನ್ನ ಅಮ್ಮ,
ವರಲಕ್ಷ್ಮಮ್ಮ

ವಿ.ಸೂ.: ಕವರು ಹುಡುಕಲು ಒಳಗೆ ಹೋಗಿದ್ದೆ, ಬರುವಷ್ಟರಲ್ಲಿ ನಿಮ್ಮಪ್ಪ ಟೇಬಲ್ ಮೇಲಿದ್ದ ಈ ಕಾಗದವನ್ನೆಲ್ಲ ಓದಿ ಮುಗಿಸಿದ್ದರು. ‘ಕೀ ಕೊಟ್ಟೋಳು ನೀನೇನಾ?’ ಎಂದರು. ಹೌದು ಎಂದೆ. ‘ನಾನಿದ್ದಿದ್ರೂ ಕೊಡ್ತಿದ್ದೆ ಕಣೇ’ ಎಂದರು. ಆಮೇಲೆ ಹಾಳೆ ಕೇಳಿ, ಕೋವಿ ಬೇಡ, ಲೈಸೆನ್ಸ್ ರದ್ದು ಮಾಡಿ ಎಂದು ತಾವೇ ಅರ್ಜಿ ಬರೆದರು. ಎರಡು ಕಡೆ ಒತ್ತಕ್ಷರ ತಪ್ಪಿತ್ತು, ತಿದ್ದಿದೆ. ನಾಳೆ ಹತ್ತಕ್ಕೆ ತಾಜುದ್ದೀನ್ ಸ್ಕೂಟರಿನಲ್ಲಿ ಅವರು, ಆಟೋದಲ್ಲಿ ನಾನು, ಸ್ಟೇಷನ್ನಿಗೆ. ಇದು ನಿನ್ನ ಕೈ ಸೇರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ನಿನ್ನ ಅಣ್ಣ ಫೋನ್ ಮಾಡಿ ಕೂಗಾಡುತ್ತಾನೆ. ಎದುರಾಡಬೇಡ, ಫೋನ್ ಇಟ್ಟೂ ಬಿಡಬೇಡ, ಪೂರ್ತಿ ಕೇಳಿಸಿಕೋ. ಅವನು ಜೈಲಿನಲ್ಲಲ್ಲ, ಮನೆಯಲ್ಲಿ ಕೂತು ಕೂಗಾಡುತ್ತಿರಬೇಕು ಎನ್ನುವುದೇ ನನಗೆ ಬೇಕಾಗಿರುವುದು.