ಕೊನೆಯ ಮಡಿಕೆ

ರಾಂಚೊ ಬರ್ನಾರ್ಡೊ, ಸ್ಯಾನ್ ಡಿಯಾಗೊ
೧೩ ಆಗಸ್ಟ್ ೨೦೦೬, ರವಿವಾರ

ಪ್ರೀತಿಯ ಜಯದೇವಿಗೆ,

ಈ ಎರಡು ಶಬ್ದ ಬರೆದು ಅರ್ಧ ಗಂಟೆ ಪೆನ್ನು ಕೆಳಗಿಟ್ಟು ಸುಮ್ಮನೆ ಕುಳಿತಿದ್ದೆ. ನಮ್ಮ ಮದುವೆಯಾಗಿ ಮೂವತ್ತೊಂದು ವರ್ಷ. ನಿನ್ನ ಹೆಸರಿಗೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ನಗಬೇಡ. ನಿನ್ನ ಮೊಣಕಾಲು ನೋವು ಹೇಗಿದೆ? ಡಾಕ್ಟರು ಕೊಟ್ಟ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ದೇವರ ಜಗಲಿ ಮೇಲಿಟ್ಟು ಊದಿನಕಡ್ಡಿ ಬೆಳಗುತ್ತಿದ್ದೀಯೋ? ಹೊಲದ ಹೆಸರುಕಾಯಿ ಬಿಡಿಸಿದ್ದಾಯಿತೇ? ಚಂದ್ರಪ್ಪಣ್ಣನ ಕೆಮ್ಮು ಕಡಿಮೆಯಾಯಿತೇ? ಅವನ ಮನೆಮಂದಿಯೆಲ್ಲ ನಿನ್ನ ಸುತ್ತ ಇರುವುದರಿಂದ ನನಗೆ ಅಷ್ಟು ಚಿಂತೆಯಿಲ್ಲ. ಇನ್ನು ನನ್ನ ವಿಷಯ. ಇಪ್ಪತ್ನಾಲ್ಕು ವರ್ಷ ಪಲ್ಟನ್ನಿನಿಂದ ‘ನಾನು ಇಲ್ಲಿ ಕ್ಷೇಮ’ ಎಂದೇ ಬರೆದೆ. ನೂರಾಮೂರು ಡಿಗ್ರಿ ಜ್ವರ ಇದ್ದಾಗಲೂ, ಹಿಮದಲ್ಲಿ ಕಾಲ್ಬೆರಳು ಕಪ್ಪಾದಾಗಲೂ ಅದನ್ನೇ ಬರೆದೆ. ಇವತ್ತು ಖರೆ ಬರೆಯುತ್ತೇನೆ. ಮೈ ಚೆನ್ನಾಗಿದೆ, ಮನಸ್ಸು ಚೆನ್ನಾಗಿಲ್ಲ.

ರಜನಿ ನನಗೆ ಕೊಟ್ಟಿರುವುದು ಮೂರು ವರ್ಷದ ಹಿಂದೆ ಬಾಣಂತನಕ್ಕೆ ಬಂದಾಗ ನೀನಿದ್ದ ಅದೇ ಕೋಣೆ. ಈ ಸಲ ಮಗಳು ಕೆಲಸಕ್ಕೆ ಸೇರಿದಳು, ಕೂಸನ್ನು ನೋಡಿಕೊಳ್ಳಲು ಯಾರಾದರೂ ಬೇಕು ಎಂದಾಗ ನೀನು ಅಂದ ಮಾತು ನೆನಪಿದೆಯೇ? “ನಂದ ಪಾಳಿ ಮುಗೀತು. ಈಗ ನಿಮ್ಮ ಪಾಳಿ, ಹೋಗಿ ಬರ್ರಿ.” ಬ್ಯಾಂಕಿನ ವಾಚ್‌ಮನ್ ಕೆಲಸ ಬಿಟ್ಟು ಬಂದೆ. ಪಾಳಿ ಮಾಡುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಐದಕ್ಕೆ ಎದ್ದು ದಾಡಿ ಮಾಡಿಕೊಂಡು ಬೂಟು ಪಾಲಿಶ್ ಮಾಡಿ ತಯಾರಾಗುತ್ತೇನೆ, ನೋಡುವವರು ಯಾರೂ ಇಲ್ಲ. ಎಂಟಕ್ಕೆ ಅಳಿಯ ಓಂಪ್ರಕಾಶ್ ಒಂದು ಕಾರಿನಲ್ಲಿ, ಮಗಳು ಇನ್ನೊಂದು ಕಾರಿನಲ್ಲಿ ಹೋದರೆಂದರೆ ಮುಗಿಯಿತು. ಮೊಮ್ಮಗಳು ಶ್ರೇಯಾಳನ್ನು ಶಾಲೆಗೆ ಬಿಟ್ಟು ಬಂದು ಹನ್ನೆರಡರವರೆಗೆ ಕಿಟಕಿಯಲ್ಲಿ ನಿಲ್ಲುತ್ತೇನೆ. ಬೀದಿಯಲ್ಲಿ ಒಂದು ನರಪಿಳ್ಳೆ ಇರುವುದಿಲ್ಲ. ಟಪಾಲಿನ ಗಾಡಿ ಬಂದರೆ ಅದೇ ದೊಡ್ಡ ಸುದ್ದಿ. ಗಡಿಯಲ್ಲಿ ಪಹರೆ ನಿಂತಾಗ ಎರಡು ತಾಸಿಗೊಮ್ಮೆ ಬದಲಿಗೆ ಬಾಳಾಸಾಹೇಬ ಬರುತ್ತಿದ್ದ. ಬಂದವನೇ ಬೀಡಿ ಕೇಳುತ್ತಿದ್ದ, ನಿಪ್ಪಾಣಿ ಕಡೆಯ ಬೈಗುಳ ಬೈಯುತ್ತಿದ್ದ. ಇಲ್ಲಿ ಬದಲಿಗೆ ಯಾರೂ ಬರುವುದಿಲ್ಲ. ಒಂದು ರವಿವಾರ ಓಂಪ್ರಕಾಶ್ ‘ಫೋರ್ ಎಸ್ ರ್ಯಾಂಚ್’ ಎಂಬಲ್ಲಿಗೆ ಗೆಳೆಯನ ಮನೆಗೆ ಕರೆದುಕೊಂಡು ಹೋದ. ರ್ಯಾಂಚ್ ಎಂದರೆ ದನಕರು, ಹೊಲ ಎಂದು ಯಾರೋ ಹೇಳಿದ್ದರಿಂದ ಮಣ್ಣು ನೋಡುವ ಆಸೆಯಿಂದ ಹೋದೆ. ಒಂದು ಎತ್ತಿಲ್ಲ, ಒಂದು ಬದುವಿಲ್ಲ, ಸಾಲಾಗಿ ಹೊಸ ಮನೆಗಳು ಅಷ್ಟೇ. ಅವತ್ತು ನನ್ನ ಮುಖ ನೋಡಿ ಎಲ್ಲರೂ ನಕ್ಕರು.

ಶ್ರೇಯಾ ಒಳ್ಳೆಯ ಕೂಸು. ನಾನು ಹೇಳಿದ್ದೆಲ್ಲ ಅದಕ್ಕೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಜ್ಜ ಯುದ್ಧದಲ್ಲಿ ಏನು ಮಾಡಿದ ಎಂದು ಕೇಳಿತು. ಏನು ಹೇಳಲಿ? ಕಂದಕ ತೋಡಿದೆ, ಭಾರ ಹೊತ್ತೆ, ಅಡುಗೆ ಮನೆಯ ಪಾತ್ರೆ ತಿಕ್ಕಿದೆ, ಬಹಳ ಮಾಡಿ ಪಹರೆ ನಿಂತುಕೊಂಡಿದ್ದೆ. ಎಪ್ಪತ್ತೊಂದರಲ್ಲಿ ಬೆಳಗಾವಿಯಲ್ಲಿ ಎದೆ ಅಳತೆ ಕೊಟ್ಟು ಭರ್ತಿಯಾದ ಮೇಲೆ ನಾನು ಒಬ್ಬ ಮನುಷ್ಯನ ಮೇಲೂ ಗುಂಡು ಹಾರಿಸಲಿಲ್ಲ. ವರ್ಷಕ್ಕೆ ಎರಡು ತಿಂಗಳು ರಜೆ. ಅದನ್ನೂ ಅಪ್ಪ ಜೋಳದ ಕೊಯ್ಲಿಗೆ ಸರಿಹೋಗುವಂತೆ ಕೇಳಿಸುತ್ತಿದ್ದ. ಟ್ರಂಕು ಇಳಿಸಿದ ಮರುದಿನವೇ ಕುಡುಗೋಲು ಹಿಡಿದು ಹೊಲಕ್ಕೆ. ನೀನು ಬುತ್ತಿ ತರುತ್ತಿದ್ದೆ, ಹಿಂದೆಯೇ ನಮ್ಮವ್ವ ಬರುತ್ತಿದ್ದಳು. ನಿನ್ನೊಂದಿಗೆ ಕೂತು ಹತ್ತು ಮಾತು ಆಡಿದ ನೆನಪು ನನಗಿಲ್ಲ.

ಈಗ ಈ ಪತ್ರಕ್ಕೆ ಕಾರಣವಾದದ್ದನ್ನು ಹೇಳುತ್ತೇನೆ. ಯಾವ ಊರಿಗೆ ಬದಲಿಯಾದರೂ ಬರೆಯುವ ಕಾಗದ ಟ್ರಂಕಿನಲ್ಲಿರಬೇಕು ಎಂಬುದು ಫೌಜಿನ ರೂಢಿ. ಹಾಗಾಗಿ ಹೊರಡುವ ಮುಂಚೆ ಗದಗಿನ ಪೋಸ್ಟ್ ಆಫೀಸಿನಲ್ಲಿ ಪರದೇಶದ ಟಪಾಲಿಗೆಂದು ಸ್ಟಾಂಪು ಅಚ್ಚಾಗಿರುವ ಹತ್ತು ಏರೋಗ್ರಾಮ್ ಕೊಂಡು, ಧೋತರದ ಮಡಿಕೆಯಲ್ಲಿ ಜೋಪಾನವಾಗಿ ತಂದಿದ್ದೆ. ಹೋದ ಸೋಮವಾರ ಬೇಸರ ತಡೆಯಲಾಗದೆ ಅದರಲ್ಲೊಂದನ್ನು ತೆಗೆದು ಚಂದ್ರಪ್ಪಣ್ಣನಿಗೆ ಬರೆದೆ. ಸಂಜೆ ರಜನಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಪ್ಪಾ, ನಮ್ಮ ದೇಶದ ಸ್ಟಾಂಪು ಇಲ್ಲಿ ಹೆಂಗ ನಡಿತೈತ್ರಿ?” ನಾನೂ ನಕ್ಕೆ. ಕಾಶ್ಮೀರದಲ್ಲಿ ನಡೆದದ್ದು, ಅಸ್ಸಾಮಿನಲ್ಲಿ ನಡೆದದ್ದು ಇಲ್ಲಿ ನಡೆಯುವುದಿಲ್ಲ ಎಂದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ಆಮೇಲೆ ಅವಳು ಅದನ್ನು ಬಿಚ್ಚಿ ನೋಡಿದಳು. ನೋಡಿ ನಗು ನಿಲ್ಲಿಸಿದಳು. ಕೊನೆಯ ಮಡಿಕೆಯನ್ನು ನಾನು ಖಾಲಿ ಬಿಟ್ಟಿದ್ದೆ, ಯಾವಾಗಲೂ ಬಿಡುವಂತೆ. ಕುರ್ಚಿ ಎಳೆದುಕೊಂಡು ಕೂತು ಹೇಳಿದಳು. “ಅವ್ವ ಬಾಣಂತನಕ್ಕ ಬಂದಾಗ ಹೇಳಿದ್ಲು, ನಾ ನಂಬಿದ್ದಿಲ್ಲ. ನಾ ಹುಟ್ಟಿದ ಸುದ್ದಿಗೆ ನೀವು ಬರೆದ ಕಾಗದ ಅರ್ಧಕ್ಕರ್ಧ ಖಾಲಿ ಇತ್ತಂತ ಹೌದ್ರಿ? ಹೆಣ್ಣು ಹುಟ್ಟಿದ್ದಕ್ಕ ಸಿಟ್ಟಾಗ್ಯಾನ ಅಂತ ಅಜ್ಜಿ ಓಣಿಗೆಲ್ಲಾ ಹೇಳಿದ್ಲಂತ.”

ಜಯದೇವಿ, ನಮ್ಮ ಮನೆಯ ರೀತಿ ನಿನಗೆ ಗೊತ್ತು. ಪತ್ರ ಅಪ್ಪನ ಹೆಸರಿಗೆ. ಹೆಂಡತಿಯ ಹೆಸರು ಅದರಲ್ಲಿ ಬರುವಂತಿಲ್ಲ. ಪೋಸ್ಟ್‌ಮನ್ ಓಂಕಾರಪ್ಪ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುವುದು, ಅಪ್ಪ, ಅವ್ವ, ಅರ್ಧ ಓಣಿ ಕೇಳುವುದು, ನೀನು ಬಾಗಿಲ ಹಿಂದೆ ನಿಲ್ಲುವುದು. ಅಂಥ ಕಾಗದದಲ್ಲಿ ನಿನಗೆ ಏನು ಬರೆಯಲಿ? ಎತ್ತು ಹೇಗಿವೆ, ಕೂರಿಗೆ ದುರಸ್ತಿಯಾಯಿತೇ ಎಂದು ಬರೆದು, ಕೆಳಗಿನ ಮಡಿಕೆ ಬಿಟ್ಟುಬಿಡುತ್ತಿದ್ದೆ. ಅದು ನಿನ್ನ ಜಾಗ. ಬಾಳಾಸಾಹೇಬ ಬೈಯುತ್ತಿದ್ದ, ಸರ್ಕಾರದ ಕಾಗದ ಹಾಳು ಮಾಡುತ್ತೀ ಎಂದು. ಆ ಜಾಗದ ಮೇಲೆ ಒಮ್ಮೆ ಕೈಯಾಡಿಸಿ, ಮಡಚಿ, ಅಂಟು ಹಚ್ಚುತ್ತಿದ್ದೆ. ನೀನು ನೋಡುತ್ತೀ, ತಿಳಿದುಕೊಳ್ಳುತ್ತೀ ಎಂದುಕೊಂಡಿದ್ದೆ. ಹೇಳದೆ ಹೇಗೆ ತಿಳಿಯುತ್ತದೆ ಎಂದು ಈ ದಡ್ಡ ಹವಾಲ್ದಾರನಿಗೆ ಒಮ್ಮೆಯೂ ಅನ್ನಿಸಲಿಲ್ಲ. ಓಂಕಾರಪ್ಪ ಕೊನೆಗೆ “ಇಷ್ಟ ಬರದಾನ, ಕೆಳಗ ಜಾಗ ಹಂಗ ಬಿಟ್ಟಾನ” ಎನ್ನುತ್ತಿದ್ದನಂತೆ. ನೀನು ರಜನಿಗೆ ಹೇಳಿದ್ದು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿದೆ: “ಜಾಗ ಇಲ್ಲ ಅಂದಿದ್ರ ಸಮಾಧಾನ ಮಾಡ್ಕೋತಿದ್ದೆ. ಜಾಗ ಇತ್ತು, ಬರೀಲಿಲ್ಲ.”

ರಜನಿ ಹುಟ್ಟಿದ ಸುದ್ದಿ ಬಂದಾಗ ನಾನು ಹನ್ನೆರಡು ಸಾವಿರ ಅಡಿ ಮೇಲಿದ್ದೆ. ಹೇಸರಗತ್ತೆಯ ಬೆನ್ನ ಮೇಲೆ ಟಪಾಲು ಬರುತ್ತಿತ್ತು. ‘ಮನೆಯಲ್ಲಿ ಹೆಣ್ಣು ಕೂಸು ಹುಟ್ಟಿದೆ, ಬಿಳಿ ಎತ್ತು ಕುಂಟುತ್ತಿದೆ’ ಎಂದು ಅಪ್ಪ ಬರೆಸಿದ್ದ. ಹೇಳುವುದು ಹೆಚ್ಚಿತ್ತು, ಅದಕ್ಕೇ ಅರ್ಧ ಕಾಗದ ಬಿಟ್ಟೆ. ಅಲ್ಲಿ ಏನಿತ್ತು ಎಂದು ಈಗ ಬರೆಯುತ್ತೇನೆ, ಇಪ್ಪತ್ತೆಂಟು ವರ್ಷ ತಡವಾಗಿ. ಬಹಳ ನೋವಾಯಿತೇ? ಪಕ್ಕದಲ್ಲಿ ಯಾರಿದ್ದರು? ಕೂಸು ನಿನ್ನ ಹಾಗಿದೆಯೋ ನನ್ನ ಹಾಗಿದೆಯೋ? ನಿನ್ನ ಹಾಗಿರಲಿ. ಬಾಳಾಸಾಹೇಬ ಊಟದ ಡಬ್ಬಿಯಲ್ಲೇ ಶಿರಾ ಮಾಡಿ ಇಡೀ ಸೆಕ್ಷನ್ನಿಗೆ ಹಂಚಿದ. ನಾನು ಬಂಡೆಯ ಮರೆಗೆ ಹೋಗಿ ಅತ್ತೆ, ಸಂತೋಷಕ್ಕೆ, ಮತ್ತು ನಿನ್ನನ್ನು ನೋಡಲಾಗಲಿಲ್ಲ ಎಂಬುದಕ್ಕೆ. ಇದನ್ನೆಲ್ಲ ಸೋಮವಾರ ರಜನಿಗೂ ಹೇಳಿದೆ. ಅವಳು ನನ್ನ ಹೆಗಲಿಗೆ ತಲೆಯಿಟ್ಟು ಬಹಳ ಹೊತ್ತು ಕೂತಿದ್ದಳು. ಮಗಳು ಹಾಗೆ ಕೂತದ್ದು ಅದೇ ಮೊದಲು.

ನಿನ್ನೆ ಜೋಳದ ಹಿಟ್ಟು ತರಲು ನಮ್ಮ ದೇಶದವರ ಅಂಗಡಿಗಳಿರುವ ಆರ್ಟೀಸಿಯಾಕ್ಕೆ ಹೋಗಿದ್ದೆವು. ದಾರಿಯಲ್ಲಿ ಸಮುದ್ರದ ಪಕ್ಕಕ್ಕೆ ಇವರ ಸೈನ್ಯದ ದೊಡ್ಡ ಕ್ಯಾಂಪ್ ಇದೆ. ಅದನ್ನು ದಾಟಿ ಓಂಪ್ರಕಾಶ್ ಪೆಟ್ರೋಲ್ ಹಾಕಿಸಲು ನಿಲ್ಲಿಸಿದಲ್ಲಿ ಸಮವಸ್ತ್ರದ ಒಬ್ಬ ಸಿಪಾಯಿ ನಿಂತಿದ್ದ. ನನ್ನ ಕೈ ತಾನಾಗಿ ಸೆಲ್ಯೂಟಿಗೆ ಹೋಯಿತು, ಅವನೂ ನಗುತ್ತ ಸೆಲ್ಯೂಟ್ ಹೊಡೆದ. ಮೆಕ್ಕೆಜೋಳ ಬೆಳೆಯುವ ಮನೆಯವನಂತೆ, ಇರಾಕಿಗೆ ಎರಡನೆಯ ಸಲ ಹೊರಟಿದ್ದಾನಂತೆ. ನಿನ್ನ ಪತ್ರವನ್ನು ಮನೆಯಲ್ಲಿ ಓದಿ ಹೇಳುವವರು ಯಾರು ಎಂದು ಅಳಿಯನಿಂದ ಕೇಳಿಸಿದೆ. ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಮತ್ತೊಮ್ಮೆ ಕೇಳಿದ ಮೇಲೆ ಓಂಪ್ರಕಾಶ್ ಹೇಳಿದ, “ಹೇಂತಿಗೆ ದಿನಾ ಕಂಪ್ಯೂಟರಿನ್ಯಾಗ ಬರೀತಾನಂತ್ರಿ ಮಾವಾ. ಬರೇ ಆಕೀನ ಓದ್ತಾಳಂತ.” ಹೆಂಡತಿಗೆ ನೇರವಾಗಿ! ಆ ಹುಡುಗನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು, ದೇವರು ಅವನನ್ನು ಚೆನ್ನಾಗಿಟ್ಟಿರಲಿ. ರಜನಿಯ ಪಾಟಿ ಹಿಡಿದು ನೀನು ಓದಲು ಕಲಿತದ್ದು ನನಗೆ ತಿಳಿದದ್ದೇ ಪಾಸ್‌ಪೋರ್ಟ್ ಅರ್ಜಿಗೆ ನೀನು ಸಹಿ ಹಾಕಿದಾಗ. ಆಗಲಾದರೂ ಬರೆಯಬಹುದಿತ್ತು, ಬರೆಯಲಿಲ್ಲ.

ಇವತ್ತು ಬೆಳಿಗ್ಗೆ ರಜನಿ ಫೋನ್ ಮಾಡಿದಾಗ ನಾನು ಅಡುಗೆ ಮನೆಯ ಬಾಗಿಲ ಹಿಂದೆ ನಿಂತಿದ್ದೆ. ನಿನ್ನ ಧ್ವನಿ ದೊಡ್ಡದಾಗಿ ಕೇಳುತ್ತಿತ್ತು. ಅಕ್ಟೋಬರ್ ಮೊದಲ ವಾರಕ್ಕೆ ನನ್ನ ವೀಸಾದ ಆರು ತಿಂಗಳು ಮುಗಿಯುತ್ತದೆ. ಇನ್ನೂ ಆರು ತಿಂಗಳು ಇರುವುದಾದರೆ ಬರುವ ತಿಂಗಳು ಇಪ್ಪತ್ತರೊಳಗೆ ಅಪ್ಲೈ ಮಾಡಬೇಕು. ಏನು ಮಾಡೋಣ ಎಂದು ಅವಳು ನಿನ್ನನ್ನು ಕೇಳಿದಳು. ನೀನು ಹೇಳಿದೆ, “ಅವ್ರಿಗೆ ಹೆಂಗ ಅನುಕೂಲನೋ ಹಂಗ ಮಾಡ್ಲಿ. ಅವ್ರಿಲ್ದ ಇರೋದು ನನಗ ರೂಢಿ ಐತಿ.” ಆಮೇಲೆ ಫೋನ್ ನನ್ನ ಕೈಗೆ ಬಂತು. ಊಟವಾಯಿತೇ ಎಂದೆ. ಆಯಿತು ಎಂದೆ ನೀನು. ಅಷ್ಟೇ. ಬಾಗಿಲ ಹಿಂದೆ ನಿಂತು ತನ್ನ ಹೆಸರು ಬರುತ್ತದೆಯೋ ಎಂದು ಕಿವಿಗೊಡುವುದು ಏನು ಎಂದು ನನಗೆ ಇವತ್ತು ತಿಳಿಯಿತು. ನೀನು ಇಪ್ಪತ್ತು ವರ್ಷ ನಿಂತೆ.

ಅಣ್ಣನಿಗೆ, ಅತ್ತಿಗೆಗೆ ನಮಸ್ಕಾರ ಹೇಳು, ಮನೆಯ ಮಕ್ಕಳಿಗೆಲ್ಲ ಆಶೀರ್ವಾದ. ನಿನಗೆ ಏನು ಬರೆಯಬೇಕೋ ತಿಳಿಯದು. ಹಿರಿಯನೆಂದು ಆಶೀರ್ವಾದ ಮಾಡುವ ಮುಖ ನನಗಿಲ್ಲ. ನಂಬರು, ರ್ಯಾಂಕು ಬರೆಯದೆ ಸಹಿ ಮಾಡುತ್ತಿರುವುದೂ ಇದೇ ಮೊದಲು.

ನಿನ್ನ,
ಶೇಖಪ್ಪ

ತಾ.ಕ.: ರಜನಿ ಲಕೋಟೆಗೆ ಅಂಟು ಹಚ್ಚಲು ಕಾಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಒಳಗೆ ಒಂದು ಏರೋಗ್ರಾಮ್ ಇಟ್ಟಿದ್ದೇನೆ. ಇಲ್ಲಿ ನಡೆಯದ ಸ್ಟಾಂಪು ಅಲ್ಲಿ ನಡೆಯುತ್ತದೆ. ವಿಳಾಸವನ್ನು ಅವಳೇ ಇಂಗ್ಲಿಷಿನಲ್ಲಿ ಬರೆದಿದ್ದಾಳೆ, ನೀನು ಡಬ್ಬಿಗೆ ಹಾಕಿದರೆ ಸಾಕು. ಅನುಕೂಲದ ಮಾತು ಬಿಡು. ಅಕ್ಟೋಬರಿನಲ್ಲಿ ಬಿಳಿಜೋಳದ ಬಿತ್ತಿಗೆಗೆ ನಾನು ಬರಲೇ? ನಿನಗೆ ನಾನು ಬೇಕೇ? ‘ಬರ್ರಿ’ ಎಂದಾದರೂ ಬರೆ, ‘ಬರಬ್ಯಾಡ್ರಿ’ ಎಂದಾದರೂ ಬರೆ, ಬೈದಾದರೂ ಬರೆ. ಯಾರ ಕೈಯಲ್ಲೂ ಬರೆಸಬೇಡ. ಖಾಲಿ ಮಾತ್ರ ಕಳಿಸಬೇಡ, ನನ್ನಿಂದ ತಡೆಯಲಾಗದು. ಈ ಹಾಳೆಯನ್ನು ತಿರುಗಿಸಿ ನೋಡು, ಅಂಚಿನವರೆಗೂ ಬರೆದಿದ್ದೇನೆ. ಇನ್ನು ಜಾಗವಿಲ್ಲ.