ಅಮ್ಮಿ ಕಂಡ ಕೆಂಪು

ಲೇಹ್, ಭಾನುವಾರ

ಅಬ್ಬಾ,

ಫೋನಿನಲ್ಲಿ ಹೇಳಿದರೆ ಅಮ್ಮಿಗೆ ಕೇಳಿಸೀತೆಂದು ಬ್ಯಾಡಗಿಯ ಅಂಗಡಿಗೇ ಬರೆಯುತ್ತಿದ್ದೇನೆ.

ಹೋದ ವರ್ಷ ತಮ್ಮ ಕೈಸರ ಹತ್ತುವ ಮೊದಲು ಫೋಟೋ ಕಳಿಸಿದ್ದ ಬೆಟ್ಟವನ್ನು ನಿನ್ನೆ ಒಬ್ಬಳೇ ಹತ್ತಿ, ಸಂಜೆಯೊಳಗೆ ಇಳಿದೆ. ಕೆಳಗೆ ಹಸಿರು, ಹಳದಿ, ಮೇಲೆಲ್ಲ ಕೆಂಪು. ಅಂದು ಅಮ್ಮಿ ಆ ಕೆಂಪು ನೋಡಿ, ಫೋನಿನಲ್ಲಿ ಅವನಿಗೆ, "ಇಷ್ಟ್ ಮೆಣಸಿನಕಾಯಿ ಒಣಗಾಕ ಹಾಕ್ಯಾರಂದ್ರ ಮಂದಿ ಇದ್ದ ಇರ್ತಾರ. ಒಬ್ಬನ ಹೋದ್ರೂ ಚಿಂತಿಲ್ಲ, ಹೋಗಿ ಬಾ ಬೇಟಾ" ಅಂದಿದ್ದಳಲ್ಲ. ನಾವಿಬ್ಬರೂ ನಕ್ಕೆವು, ತಿದ್ದಲಿಲ್ಲ.

ಅದು ಬರೀ ಕಲ್ಲು, ಅಬ್ಬಾ. ಕಾಲಿಟ್ಟಲ್ಲೆಲ್ಲ ಜಾರುತ್ತದೆ. ಅವನು ಬಿದ್ದು ತೀರಿಕೊಂಡ ಜಾಗದಲ್ಲಿ ನಿಂತು ಕೂಗಿದೆ. ಯಾರೂ ಓಗೊಡಲಿಲ್ಲ.

ಹತ್ತಿರದಲ್ಲೇ ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದರು, ಓಡಿ ಬಂದು ಅವನಿಗೆ ನೀರು ಕುಡಿಸಿದರು ಎಂದು ಅಮ್ಮಿಗೆ ಹೇಳುತ್ತೇನೆ. ನೀವು ಇಲ್ಲವೆನ್ನಬೇಡಿ.

ನಿಮ್ಮ ಮಗಳು,
ಶಾಹೀನ್