ದ್ರಾಕ್ಷಿಗೆ ಕಿವಿರು

ಮಾರ್ಚ್ 3, ಸಂಜೆ
ಇವತ್ತೂ ನಲವತ್ತು ಪೆಟ್ಟಿಗೆ ದ್ರಾಕ್ಷಿ ಪರೀಕ್ಷೆ ಮಾಡಿದೆ. ಭೂತಗನ್ನಡಿ ಹಿಡಿದು ಹಿಡಿದು ಕತ್ತು ನೋವು. ಒಂದು ಹುಳವೂ ಇಲ್ಲ. ಆದರೂ ನಮ್ಮ ದ್ರಾಕ್ಷಿ ಲಾರಿಗಳು ಹನ್ನೊಂದು ದಿನದಿಂದ ದೊಡ್ಡ ದೇಶದ ಗಡಿಯಲ್ಲಿ ಬಿಸಿಲಲ್ಲಿ ಬೇಯ್ತಿವೆ. ಹಣ್ಣಲ್ಲಿ ಕೀಟ ಸಿಕ್ಕಿತಂತೆ. ಕೀಟವಂತೆ ಕೀಟ! ಅವರ ಯುದ್ಧನೌಕೆಗೆ ನಮ್ಮ ಬಂದರು ಕೊಡಲ್ಲ ಅಂದ ಮೂರನೇ ದಿನಕ್ಕೆ ಸರಿಯಾಗಿ ಸಿಕ್ಕಿತು.

ಮಾರ್ಚ್ 4
ಡೈರೆಕ್ಟರ್ ಕರೆದರು. ಮೇಲಿನಿಂದ ಬಂದಿದೆಯಂತೆ — 'ಪರೀಕ್ಷೆಯಲ್ಲಿ ನನ್ನಿಂದ ತಪ್ಪಾಯಿತು' ಅಂತ ನಾನು ಬರೆದು ಸಹಿ ಹಾಕಿದರೆ ಲಾರಿ ಬಿಡ್ತಾರೆ. ಶುಕ್ರವಾರದವರೆಗೆ ಟೈಮ್. ಹತ್ತೊಂಬತ್ತು ವರ್ಷದಲ್ಲಿ ಒಂದು ಸಹಿಯನ್ನೂ ಕಣ್ಣುಮುಚ್ಚಿ ಹಾಕಿದವಳಲ್ಲ. ಮೈಯೆಲ್ಲ ಉರಿಯಿತು. ಮನೆಯಲ್ಲಿ ಹೇಳಿದರೆ ಇವರು ತಟ್ಟೆಯಿಂದ ತಲೆ ಎತ್ತದೆ, ಒಂದು ಸಹಿಗೆ ಅಷ್ಟು ಜನರ ಬೆಳೆ ಉಳಿಯೋದಾದ್ರೆ ಹಾಕಿಬಿಡೇ ಅಂದರು. ಮಾತು ಬಿಟ್ಟೆ.

ಮಾರ್ಚ್ 6, ಮಧ್ಯಾಹ್ನ
ಖುಷಿಯೋ ಖುಷಿ! ಸಹಿಗೆ ಮೊದಲು ದೊಡ್ಡ ದೇಶದವರ ಪತ್ರ ಪೂರ್ತಿ ಓದೋಣ ಅಂತ ಕೂತೆ. ನಮ್ಮ ಆಫೀಸಲ್ಲಿ ಯಾರೂ ಪೂರ್ತಿ ಓದಲ್ಲ. ಮೊದಲ ಪ್ಯಾರಾ, ಕೊನೇ ಪ್ಯಾರಾ, ಸೀಲು, ಮುಗೀತು. ನಾಲ್ಕನೇ ಪ್ಯಾರಾ: 'ಸದರಿ ದ್ರಾಕ್ಷಿಯ ಕಿವಿರುಗಳಲ್ಲಿ ಹುಳುಗಳು ಕಂಡುಬಂದಿರುತ್ತವೆ.'

ಕಿವಿರು. ದ್ರಾಕ್ಷಿಗೆ. ಮೂರು ಸಲ ಓದಿದೆ. ಇನ್ನು ಬಾಲ ಯಾವಾಗ ಬರುತ್ತೋ!

ನಾವೂ ಮಾಡೋದು ಅದೇ ತಾನೆ — ಹಳೇ ಪತ್ರ ತೆಗಿ, ಹೆಸರು ಬದಲಿಸು, ಸೇವ್ ಮಾಡು. ಯಾರದೋ ಮೀನಿಗೆ ಬರೆದ ಪತ್ರ ಇದು. ಡೈರೆಕ್ಟರ್ ರೂಮಿಗೆ ಓಡಿದೆ. ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ಗಂಭೀರವಾದರು.

"ಯಾರ ಮೀನು ಅಂತ ಹುಡುಕಮ್ಮ. ಸಹಿ ಆಮೇಲೆ ನೋಡ್ಕೊಳ್ಳೋಣ."

ಮಾರ್ಚ್ 7
ಸಿಕ್ಕಿತು! ಸಮುದ್ರದಾಚೆಯ ಪುಟ್ಟ ದೇಶ. ಹೋದ ವರ್ಷ ಅವರ ಮೀನನ್ನೂ ಹೀಗೇ ತಡೆದಿದ್ದರು. ಅಲ್ಲಿನ ಇನ್‌ಸ್ಪೆಕ್ಟರೂ ಹೆಂಗಸೇ. ಫೋನಲ್ಲಿ ನಾಲ್ಕನೇ ಪ್ಯಾರಾ ಓದಲು ಶುರು ಮಾಡಿದೆ, ಉಳಿದದ್ದನ್ನು ಅವಳೇ ಬಾಯಿಪಾಠ ಹೇಳಿದಳು. ಅವಳು ತಪ್ಪೊಪ್ಪಿಕೊಂಡು ಸಹಿ ಹಾಕಿದ್ದಳಂತೆ. ಮೀನು ಬಿಟ್ಟರು, ಆರು ತಿಂಗಳಿಗೆ ಹೊಸ ಬೇಡಿಕೆ ಇಟ್ಟರು. ಅವಳ ಸಹಿಯನ್ನು ಈಗ ಯಾರೂ ನಂಬಲ್ಲ. ಫೈಲು ಜೋಡಿಸುವ ಕೆಲಸಕ್ಕೆ ಹಾಕಿದ್ದಾರೆ.

"ಅಕ್ಕಾ, ನೀವು ಮಾತ್ರ ಹಾಕಬೇಡಿ" ಅಂದಳು.

ಮಾರ್ಚ್ 19
ಬರೆಯೋಕೆ ಪುರುಸೊತ್ತೇ ಇಲ್ಲ. ಮರ ಮಾರುವ ಇನ್ನೊಂದು ದೇಶವೂ ಜೊತೆಗೆ ಬಂತು — ದಿಮ್ಮಿಗೂ ಕಿವಿರು! ಮೂರೂ ಪತ್ರ ಪೇಪರಲ್ಲಿ ಅಕ್ಕಪಕ್ಕ ಅಚ್ಚಾಗಿವೆ. ಇವರು ಅದನ್ನು ಕತ್ತರಿಸಿ ಬೀರುವಿಗೆ ಅಂಟಿಸಿದ್ದಾರೆ. ಹೋಗಲಿ ಪಾಪ ಅಂತ ಮಾತಾಡಿಸಿದೆ.

ನಕ್ಕಿದ್ದಾಯ್ತು, ಮುಂದೇನು ಅಂತ ಮಂತ್ರಿಗಳು ಕೇಳಿದರು. ನಾನೇ ಹೇಳಿಬಿಟ್ಟೆ. ಮೂರು ದೇಶಕ್ಕೂ ಒಂದೇ ಸರ್ಟಿಫಿಕೇಟ್, ಪ್ರತಿ ಲೋಡಿಗೂ ಮೂವರ ಸಹಿ. ಒಬ್ಬರ ಸರಕು ತಡೆದರೆ ಮೂವರೂ ದೊಡ್ಡ ದೇಶಕ್ಕೆ ಮಾರೋದು ನಿಲ್ಲಿಸೋದು, ನಮ್ಮ ನಮ್ಮಲ್ಲೇ ಕೊಳ್ಳೋದು. ಉಳಿದ ಎರಡು ದೇಶಕ್ಕೂ ಫೋನ್ ಹೋಯ್ತು. ಒಪ್ಪಿದರು! ಮೀನಿನ ದೇಶದಿಂದ ಅವಳೇ ಸಹಿ ಹಾಕಬೇಕು ಅಂತ ಹಟ ಹಿಡಿದೆ. ಕಷ್ಟಪಟ್ಟು ಅದಕ್ಕೂ ಹೂಂ ಅಂದರು.

ಏಪ್ರಿಲ್ 2, ಸಂಜೆ 4
ಬಿಸಿಲಲ್ಲಿ ಕೊಳೆತದ್ದು ಕೊಳೆತುಹೋಯ್ತು, ಹೊಸ ಲೋಡು ಗಡಿಗೆ ಹೋಗಿದೆ. ಡ್ರೈವರ್ ಫೋನ್. ಎರಡು ಗಂಟೆ ನಿಲ್ಲಿಸಿದರಂತೆ, ಸರ್ಟಿಫಿಕೇಟ್ ತಿರುವಿ ಮುರುವಿ ನೋಡಿದರಂತೆ. ಗೇಟು ತೆಗೆದರು. ತೆಗೆದೇಬಿಟ್ಟರು!

ತಕ್ಷಣ ಮೀನಿನ ದೇಶದ ಅವಳಿಗೆ ಫೋನ್ ಮಾಡಿ ಹೇಳಿದೆ.  ಅವಳು ಮೆಲ್ಲಗೆ, "ನನ್ನ ಸಹಿಗೆ ಏನೂ ಅನ್ನಲಿಲ್ವಾ ಅಕ್ಕಾ?"

ಇಲ್ಲ ಕಣೇ ಅಂದೆ, ಒಂದು ಮಾತೂ ಅನ್ನಲಿಲ್ಲ. ಅವಳು ಅಳೋಕೆ ಶುರು. ನಾನೂ... ಅಯ್ಯೋ, ಮತ್ತೆ ಡ್ರೈವರ್ — ಎರಡನೇ ಲಾರಿಯೂ —